ಹಳೆ ಎಸ್‌ಯುವಿಯ ಎರಡನೆಯ ಬೆಲೆ

2011ರ ಸೆಪ್ಟೆಂಬರ್ ಕೊನೆಯಲ್ಲಿ ಮಹೀಂದ್ರಾ ಕಂಪನಿ ಎಕ್ಸ್‌ಯುವಿ500 ಬಿಡುಗಡೆ ಮಾಡಿದಾಗ ಅದರ ಆರಂಭಿಕ ಬೆಲೆ ದಿಲ್ಲಿ ಶೋರೂಂ ಲೆಕ್ಕದಲ್ಲಿ 10.80 ಲಕ್ಷ ರೂಪಾಯಿ. ಏಳು ಸೀಟು, 2.2 ಲೀಟರ್ ಡೀಸೆಲ್ ಎಂಜಿನ್, 140 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆ ದುಡ್ಡಿಗೆ ಇಷ್ಟೆಲ್ಲ ಸಿಗುವುದು ಆಗ ಅಪರೂಪ. ಜನ ಮುಗಿಬಿದ್ದರು. ಕಂಪನಿ ಕೆಲವೇ ದಿನಗಳಲ್ಲಿ ಬುಕಿಂಗ್ ನಿಲ್ಲಿಸಿತು. ಮತ್ತೆ ತೆರೆದಾಗ ಲಾಟರಿ ಎತ್ತಿ ಗಾಡಿ ಹಂಚಬೇಕಾಯಿತು. 2021ರಲ್ಲಿ ಎಕ್ಸ್‌ಯುವಿ700 ಬಂದ ಮೇಲೆ ಹಳೆಯ ಹೆಸರು ಶೋರೂಂಗಳಿಂದ ಮರೆಯಾಯಿತು. ಗಾಡಿಗಳು ಮಾತ್ರ ರಸ್ತೆಯಲ್ಲೇ ಇವೆ. ಎರಡನೇ ಕೈ, ಮೂರನೇ ಕೈ ದಾಟಿ, ಈಗ ಒಂದು ಸಣ್ಣ ಹೊಸ ಕಾರಿನ ಬೆಲೆಗೆ ಸಿಗುತ್ತವೆ.

ಒಂದು ಕಡೆ ನಾಲ್ಕು ಜನ ಒತ್ತಿಕೊಂಡು ಕೂರುವ ಹೊಸ ಕಾರು, ಇನ್ನೊಂದು ಕಡೆ ಅದೇ ದುಡ್ಡಿಗೆ ಅಜ್ಜ ಅಜ್ಜಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರಬಹುದಾದ ಎತ್ತರದ ಗಾಡಿ. ಯಾವ ಸಂಸಾರಕ್ಕಾದರೂ ಮನಸ್ಸು ಎರಡನೆಯದರ ಕಡೆ ವಾಲುವುದು ಸಹಜ. ದೇಶದ ಅಭಿರುಚಿಯೂ ಹಾಗೇ ಹೊರಳಿದೆ. 2024-25ರಲ್ಲಿ ಭಾರತದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಹೊಸ ಪ್ರಯಾಣಿಕ ವಾಹನಗಳಲ್ಲಿ ನೂರಕ್ಕೆ 65ರಷ್ಟು ಎಸ್‌ಯುವಿ, ಎಂಪಿವಿ ಬಗೆಯವು. ಇವತ್ತು ಹೊಸದಾಗಿ ಹೋದದ್ದು ಐದಾರು ವರ್ಷದಲ್ಲಿ ಸೆಕೆಂಡ್ ಹ್ಯಾಂಡ್ ಸಾಲಿಗೆ ಬಂದು ನಿಲ್ಲುತ್ತದೆ. ಅಂದರೆ ಈ ಪ್ರಶ್ನೆ ಮುಂದೆ ಇನ್ನೂ ಹೆಚ್ಚು ಮನೆಗಳಿಗೆ ಎದುರಾಗುತ್ತದೆ.

ಹಳೆ ಗಾಡಿಗೆ ಎರಡು ಬೆಲೆ ಇರುತ್ತದೆ. ಮೊದಲನೆಯದು ಮಾರುವವನಿಗೆ ಕೊಡುವುದು. ಅದು ವರ್ಷ ವರ್ಷ ಇಳಿಯುತ್ತದೆ. ಎರಡನೆಯದು ಬಿಡಿಭಾಗಕ್ಕೆ, ಲೇಬರ್‌ಗೆ ಕೊಡುವುದು. ಅದು ಗಾಡಿ ಹೊಸದಿದ್ದಾಗಿನ ಅಂತಸ್ತಿನಲ್ಲೇ ನಿಂತಿರುತ್ತದೆ, ಇನ್ನೂ ಏರುತ್ತದೆ. ಎಕ್ಸ್‌ಯುವಿ500ಗೆ ಹಾಕುವ ಟೈರ್ 235/65 ಆರ್17 ಅಳತೆಯದು. ಟೈರ್ ಅಂಗಡಿಯಲ್ಲಿ ಆ ಗಾಡಿ ಹದಿನೈದು ಲಕ್ಷದ್ದೋ ಈಗ ಐದು ಲಕ್ಷದ್ದೋ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಒಳ್ಳೆಯ ಟೈರ್ ಎಂದರೆ ನಲವತ್ತು ಸಾವಿರದ ಮೇಲೆಯೇ. ಸಣ್ಣ ಕಾರಿಗಾದರೆ ಅರ್ಧಕ್ಕಿಂತ ಕಡಿಮೆಯಲ್ಲಿ ಆಗುವ ಕೆಲಸ. ಸಣ್ಣ ಕಾರಿನ ದುಡ್ಡು ಕೊಟ್ಟು ದೊಡ್ಡ ಗಾಡಿ ತಂದವರು ಈ ಎರಡನೆಯ ಬೆಲೆಯನ್ನು ಮೊದಲೇ ಲೆಕ್ಕ ಹಾಕಿರುವುದಿಲ್ಲ ಎಂಬುದೇ ತೊಂದರೆಯ ಬುಡ.

ಗಾಡಿಯೊಳಗೆ ಆ ಬೆಲೆ ಎಲ್ಲೆಲ್ಲಿ ಅಡಗಿರುತ್ತದೆ ಎಂದು ನೋಡಲು ಕ್ಲಚ್‌ನಿಂದ ಶುರುಮಾಡಬಹುದು. ದೊಡ್ಡ ಡೀಸೆಲ್ ಎಸ್‌ಯುವಿಗಳ ಎಂಜಿನ್ ತಿರುಗುವಾಗ ಜೋರಾದ ನಡುಕ ಹುಟ್ಟುತ್ತದೆ. ಆ ನಡುಕ ಗೇರ್‌ಬಾಕ್ಸ್ ತಲುಪಿ ಒಳಗೆ ಕೂತವರನ್ನು ಅಲುಗಿಸಬಾರದು ಎಂದು ಡ್ಯುಯಲ್ ಮಾಸ್ ಫ್ಲೈವೀಲ್ ಎಂಬ ಭಾಗ ಹಾಕುತ್ತಾರೆ. ಒಂದೇ ಗಟ್ಟಿ ಚಕ್ರದ ಬದಲು ಎರಡು ಚಕ್ರ, ನಡುವೆ ಬಲವಾದ ಸ್ಪ್ರಿಂಗುಗಳು. ಹೆದ್ದಾರಿಯಲ್ಲಿ ಓಡುವ ಗಾಡಿಯಲ್ಲಿ ಇದು ಲಕ್ಷ ಕಿಲೋಮೀಟರ್ ದಾಟಿಯೂ ಬಾಳುತ್ತದೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಂಗುಲ ಅಂಗುಲವಾಗಿ ಸರಿಯುವ, ಹೆಬ್ಬಾಳದ ಮೇಲುಸೇತುವೆಯ ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ನಿಲ್ಲಿಸುವ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಹುಟ್ಟುವ ಬಿಸಿಗೆ ಫ್ಲೈವೀಲೂ ಬಳಲುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಏಳು ಜನರನ್ನೂ ಅವರ ಗಂಟುಮೂಟೆಯನ್ನೂ ಹೊತ್ತು ಲಾರಿಯ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗಲೂ ಅದೇ ಕತೆ. ಮೊದಲು ಗಾಡಿ ಎತ್ತುವಾಗ ಸಣ್ಣ ನಡುಕ, ಆಮೇಲೆ ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ಕಟಕಟ ಸದ್ದು. ಈ ಹಂತದಲ್ಲಿ ಬರೀ ಕ್ಲಚ್ ಪ್ಲೇಟ್ ಬದಲಿಸಿ ಮುಗಿಸಿದರೆ ಕೆಲವೇ ತಿಂಗಳಲ್ಲಿ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಗಬಹುದು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಫ್ಲೈವೀಲ್ ಎಲ್ಲ ಸೇರಿ ಈ ವರ್ಗದ ಗಾಡಿಗಳಲ್ಲಿ ಸ್ಥೂಲವಾಗಿ ಐವತ್ತರಿಂದ ಎಂಬತ್ತು ಸಾವಿರ ರೂಪಾಯಿ. ಇಲ್ಲಿ ಹೇಳುವ ಎಲ್ಲ ದರಗಳೂ ಹೀಗೇ ಅಂದಾಜಿನವು. ಊರು, ಮಾದರಿ, ಗ್ಯಾರೇಜಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತವೆ.

ಇಂಜೆಕ್ಟರ್‌ಗಳ ಕತೆ ಇನ್ನೂ ಸೂಕ್ಷ್ಮ. ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನವನ್ನು 1,600 ಬಾರ್‌ಗೂ ಮೀರಿದ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಕಾರಿನ ಟೈರಿನ ಗಾಳಿಯ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಇದರ ತೀವ್ರತೆ ಗೊತ್ತಾಗುತ್ತದೆ. ಡೀಸೆಲ್ ಹೊರಬರುವ ರಂಧ್ರಗಳು ಕೂದಲೆಳೆಗಿಂತ ಸ್ವಲ್ಪವೇ ದಪ್ಪ. ಡೀಸೆಲ್‌ನಲ್ಲಿ ನೀರಿನಂಶವಿದ್ದರೆ, ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದೆ ಹೋದರೆ ಇಂಜೆಕ್ಟರ್ ಒಳಗಿನಿಂದ ಹಾಳಾಗುತ್ತದೆ. ಹೊಸ ಇಂಜೆಕ್ಟರ್ ಒಂದಕ್ಕೆ ಹದಿನೈದರಿಂದ ಮೂವತ್ತು ಸಾವಿರ. ಎಂಜಿನ್ನಿಗೆ ಬೇಕಾದದ್ದು ನಾಲ್ಕು. ಎಷ್ಟೋ ಎಂಜಿನ್‌ಗಳಲ್ಲಿ ಹೊಸದನ್ನು ಹಾಕಿದ ಮೇಲೆ ಅದರ ಸಂಕೇತ ಸಂಖ್ಯೆಯನ್ನು ಎಂಜಿನ್ ಕಂಪ್ಯೂಟರಿಗೆ ಸ್ಕ್ಯಾನರ್ ಮೂಲಕ ತುಂಬಬೇಕು. ಅದನ್ನು ಬಿಟ್ಟರೆ ಹೊಗೆ, ನಡುಕ ಎರಡೂ ಉಳಿಯುತ್ತವೆ, ದುಡ್ಡು ಮಾತ್ರ ಹೋಗಿರುತ್ತದೆ. ಇಂಜೆಕ್ಟರ್‌ನಿಂದ ಎಷ್ಟು ಡೀಸೆಲ್ ವಾಪಸ್ ಹರಿಯುತ್ತಿದೆ ಎಂದು ಅಳೆಯುವ ಪರೀಕ್ಷೆಯೊಂದಿದೆ. ಅರ್ಧ ದಿನದ ಕೆಲಸ, ಹೆಚ್ಚು ಖರ್ಚಿಲ್ಲ. ಗಾಡಿ ಕೊಳ್ಳುವ ಮೊದಲು ಇದನ್ನು ಮಾಡಿಸುವವರು ಬಹಳ ಕಡಿಮೆ.

ಟೈಮಿಂಗ್ ಬೆಲ್ಟ್ ವಿಚಾರದಲ್ಲಿ ಮಾತ್ರ ಅಜಾಗ್ರತೆಗೆ ಕ್ಷಮೆಯೇ ಇಲ್ಲ. 2012ರಲ್ಲಿ ಭಾರತಕ್ಕೆ ಬಂದು ಮಧ್ಯಮ ವರ್ಗದ ಮನೆಗಳಿಗೆ ಎಸ್‌ಯುವಿಯ ರುಚಿ ಹತ್ತಿಸಿದ ರೆನೊ ಡಸ್ಟರ್‌ನ 1.5 ಲೀಟರ್ ಡೀಸೆಲ್ ಎಂಜಿನ್ ಬೆಲ್ಟಿನದು. ಜೀಪ್ ಕಂಪಾಸ್, ಟಾಟಾ ಹ್ಯಾರಿಯರ್, ಎಂಜಿ ಹೆಕ್ಟರ್ ಮೂರು ಬೇರೆ ಬೇರೆ ಕಂಪನಿಗಳ ಗಾಡಿಗಳಾದರೂ ಅವುಗಳ 2 ಲೀಟರ್ ಡೀಸೆಲ್ ಎಂಜಿನ್ ಮೂಲತಃ ಒಂದೇ, ಫಿಯೆಟ್‌ನ ಮಲ್ಟಿಜೆಟ್, ಅದೂ ಬೆಲ್ಟಿನದೇ. ರಬ್ಬರಿನ ಈ ಪಟ್ಟಿ ಹೊರಗಿನಿಂದ ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ, ಸೂಚನೆಯನ್ನೂ ಕೊಡುವುದಿಲ್ಲ. ಕಂಪನಿ ಹೇಳಿದ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕು. ಬೆಲ್ಟ್, ಟೆನ್ಷನರ್, ಜೊತೆಗೆ ವಾಟರ್ ಪಂಪ್ ಎಲ್ಲ ಸೇರಿ ಹದಿನೈದರಿಂದ ಮೂವತ್ತು ಸಾವಿರದೊಳಗಿನ ಕೆಲಸ. ಓಡುವಾಗ ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗಳಿಗೆ ಬಡಿಯುತ್ತದೆ; ಎಂಜಿನ್ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ, ಬಿಲ್ಲು ಲಕ್ಷ ದಾಟುವುದು ಸಾಮಾನ್ಯ. ಹತ್ತು ವರ್ಷದ ಡಸ್ಟರ್ ಮೀಟರಿನಲ್ಲಿ ಬರೀ ಅರವತ್ತು ಸಾವಿರ ಕಿಲೋಮೀಟರ್ ತೋರಿಸಿದರೆ ಖುಷಿಪಡುವ ಮುನ್ನ ಬೆಲ್ಟ್ ಯಾವಾಗ ಬದಲಾಯಿತು ಎಂದು ಕೇಳಬೇಕು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾಯಿತು. ಗಾಳಿಯ ದೃಷ್ಟಿಯಿಂದ ಬೇಕಾಗಿದ್ದ, ತಡವಾಗಿಯೇ ಬಂದ ಒಳ್ಳೆಯ ಬದಲಾವಣೆ. ಅದರ ಜೊತೆ ಡೀಸೆಲ್ ಕಾರುಗಳ ಸೈಲೆನ್ಸರ್ ಕೊಳವೆಯೊಳಗೆ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿಯೂ ಬಂತು. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡಿಕೊಳ್ಳಬೇಕು. ಅದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ಎಡೆಬಿಡದ ಓಟ ಬೇಕು. ಮನೆಯಿಂದ ಶಾಲೆ, ಶಾಲೆಯಿಂದ ತರಕಾರಿ ಅಂಗಡಿ ಎಂದು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಈ ಸುಡುವ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಎಂಜಿನ್ ಆಯಿಲ್ ಮಟ್ಟ ಕಡಿಮೆಯಾದರೆ ಚಿಂತೆ ಎಂದಷ್ಟೇ ತಿಳಿದಿದ್ದವರು ಈ ಗಾಡಿಗಳಲ್ಲಿ ಮಟ್ಟ ಏರಿದರೂ ಚಿಂತಿಸಬೇಕು. ತೆಳುವಾದ ಆಯಿಲ್ ಟರ್ಬೊವನ್ನೂ ಬೇರಿಂಗುಗಳನ್ನೂ ಕಾಪಾಡುವುದಿಲ್ಲ. ಹೊಸ ಡಿಪಿಎಫ್ ಬೆಲೆ ಎಷ್ಟೋ ಮಾದರಿಗಳಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಅದನ್ನು ಒಡೆದು ಖಾಲಿ ಮಾಡಿಕೊಡುವ ಗ್ಯಾರೇಜ್‌ಗಳಿವೆ. ಅದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಹಿಂದಿನ ಸ್ಕೂಟರಿನಲ್ಲಿ ಬರುವ ಮಗುವಿನ ಮೂಗಿಗೆ ನೇರವಾಗಿ ಮಸಿ ಬಿಡುವ ಕೆಲಸ. ಹಾಗೆ ಖಾಲಿ ಮಾಡಿದ ಗಾಡಿಯನ್ನು ಅಗ್ಗವೆಂದು ಕೊಳ್ಳಬಾರದು.

ಊರೊಳಗೇ ಓಡಿಸುವುದಾದರೆ ಪೆಟ್ರೋಲ್, ದೂರದ ಪ್ರಯಾಣಕ್ಕಾದರೆ ಡೀಸೆಲ್ ಎಂಬ ಸಲಹೆಗೆ ಇದೂ ಒಂದು ಕಾರಣ, ಅದು ಬಹುಮಟ್ಟಿಗೆ ಸರಿಯೂ ಹೌದು. ಆದರೆ ಆಸ್ಟ್ರೇಲಿಯಾದ ಒಂದು ಪ್ರಕರಣ ಇದಕ್ಕೆ ಅಪವಾದ. ಅಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಟೊಯೋಟಾದ ಹೈಲಕ್ಸ್, ಫಾರ್ಚುನರ್, ಪ್ರಾಡೊ ಡೀಸೆಲ್ ಗಾಡಿಗಳು 2.64 ಲಕ್ಷಕ್ಕೂ ಹೆಚ್ಚು. ಅವುಗಳ ಡಿಪಿಎಫ್ ವ್ಯವಸ್ಥೆಯಲ್ಲೇ ದೋಷವಿತ್ತು. ತೊಂದರೆ ಎದ್ದದ್ದು ಹೆದ್ದಾರಿಯಲ್ಲಿ ಗಂಟೆಗೆ ನೂರರ ಆಸುಪಾಸಿನ ವೇಗದಲ್ಲಿ ಸಲೀಸಾಗಿ ಓಡುವಾಗ. ಬಿಳಿ ಹೊಗೆ, ದುರ್ವಾಸನೆ, ಪದೇ ಪದೇ ವರ್ಕ್‌ಶಾಪ್ ಯಾತ್ರೆ. ಗಾಡಿಗಳು ದೋಷಯುಕ್ತವೆಂದು ಅಲ್ಲಿನ ಫೆಡರಲ್ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು, ಬೆಲೆಯಲ್ಲಿ ಎಷ್ಟು ಪಾಲು ಪರಿಹಾರ ಎಂಬ ವಾದ ಹೈಕೋರ್ಟ್‌ವರೆಗೂ ಹೋಯಿತು. ಬಾಳಿಕೆಗೆ ಜಗತ್ತಿನಲ್ಲೇ ಹೆಸರಾದ ಕಂಪನಿ ಅದು. ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬರುವ ಫಾರ್ಚುನರ್, ಇನ್ನೋವಾಗಳಿಗೆ ಹತ್ತು ವರ್ಷದ ಮೇಲೂ ಕುಸಿಯದ ಬೆಲೆ ಸಿಗುತ್ತಿದ್ದರೆ ಅದಕ್ಕೆ ತಕ್ಕ ಕಾರಣಗಳಿವೆ. ಆದರೂ ಕೊಳ್ಳುವವನು ನೋಡಬೇಕಾದದ್ದು ಬ್ರಾಂಡಿನ ಹೆಸರಿಗಿಂತ ಆ ವರ್ಷದ, ಆ ಎಂಜಿನ್ನಿನ, ಆ ಗೇರ್‌ಬಾಕ್ಸಿನ ಚರಿತ್ರೆಯನ್ನು.

ಗೇರ್‌ಬಾಕ್ಸ್ ಎಂದಾಗ ಆಟೊಮ್ಯಾಟಿಕ್‌ಗಳ ಮಾತು ಬರಲೇಬೇಕು. ಕ್ಲಚ್ ಪೆಡಲ್ ಇಲ್ಲದ ಎಲ್ಲ ಗಾಡಿಗಳೂ ಒಂದೇ ಬಗೆಯವಲ್ಲ. 2015ರ ಕೊನೆಯಲ್ಲಿ ಎಕ್ಸ್‌ಯುವಿ500ಗೆ ಬಂದದ್ದು ಜಪಾನಿನ ಐಸಿನ್ ಕಂಪನಿಯ ಟಾರ್ಕ್ ಕನ್ವರ್ಟರ್ ಬಗೆ. ಆಯಿಲ್ ಮೂಲಕ ಶಕ್ತಿ ದಾಟಿಸುವ, ಹಳೆಯ, ಗಟ್ಟಿ ತಂತ್ರ. ಡ್ಯುಯಲ್ ಕ್ಲಚ್ ಬಗೆಯಲ್ಲಿ ಎರಡು ಕ್ಲಚ್‌ಗಳನ್ನು ಕಂಪ್ಯೂಟರ್ ಒತ್ತಿ ಬಿಡುತ್ತದೆ. ವೇಗವಾಗಿ ಗೇರ್ ಬದಲಾಗುತ್ತದೆ, ಇಂಧನ ಉಳಿಯುತ್ತದೆ. ಆದರೆ ಆ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗದೆ ಒಣಗಿದ್ದರೆ ಜಾಮ್‌ನಲ್ಲಿ ಬಿಸಿ ತಡೆಯುವ ಶಕ್ತಿ ಕಡಿಮೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎಂಬ ಏಳು ಗೇರ್‌ಗಳ ಒಣ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ದೂರುಗಳಿಂದಾಗಿ ಚೀನಾದಲ್ಲಿ 2013ರಲ್ಲಿ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಆ ಗೇರ್‌ಬಾಕ್ಸ್ ಆಮೇಲೆ ಸಾಕಷ್ಟು ಸುಧಾರಿಸಿದೆ, ಅದರ ಮುಂದಿನ ರೂಪವೇ ಇವತ್ತಿನ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್‌ಗಳ 1.5 ಲೀಟರ್ ಮಾದರಿಯಲ್ಲಿದೆ. ಹೀಗಿದ್ದೂ ವಾರಂಟಿ ಮುಗಿದ ಡ್ಯುಯಲ್ ಕ್ಲಚ್ ಗಾಡಿ ಕೊಳ್ಳುವವರು ಮೆಕಾಟ್ರಾನಿಕ್ ಎಂಬ ಅದರ ಮೆದುಳಿನ ಭಾಗ ಕೆಟ್ಟರೆ ಒಂದೂವರೆ ಲಕ್ಷದ ಮಾತು ಬರಬಹುದೆಂದು ತಿಳಿದೇ ಮುಂದುವರಿಯಬೇಕು.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಂಪು, ಹೊಂಡಗಳ ರಸ್ತೆಯಲ್ಲಿ ಎರಡು ಟನ್ ಹತ್ತಿರದ ಗಾಡಿಯ ಬುಷ್, ಲೋಯರ್ ಆರ್ಮ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಸವೆಯದೆ ಇರಲಾರವು. ಅರವತ್ತು, ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ ಗಾಡಿಗೆ ಇಪ್ಪತ್ತೈದು, ಮೂವತ್ತು ಸಾವಿರ ಇದಕ್ಕೆಂದೇ ಎತ್ತಿಡುವುದು ಒಳ್ಳೆಯದು.

ಇವೆಲ್ಲ ಓಡಿ ಸವೆದ ತೊಂದರೆ. ನೀರು ಹೊಕ್ಕ ಗಾಡಿಯ ತೊಂದರೆ ಬೇರೆಯೇ ಜಾತಿಯದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ, 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು. ರೇನ್‌ಬೋ ಡ್ರೈವ್ ಬಡಾವಣೆಯಿಂದ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತಂದ ದೃಶ್ಯಗಳನ್ನು ನಾಡೆಲ್ಲ ನೋಡಿತು. ನೆಲಮಾಳಿಗೆಗಳಲ್ಲಿ ಮುಳುಗಿ ನಿಂತ ಕಾರುಗಳನ್ನೂ ನೋಡಿತು. ನೀರಿನಲ್ಲಿ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಆದ ಹಾನಿಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು. ಅಂಥ ಗಾಡಿಗಳು ಒಣಗಿ, ತೊಳೆದು, ಪಾಲಿಶ್ ಮಾಡಿಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ಸೀಟು ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ ಕೆಸರಿನ ಗೆರೆ ಕಾಣಬಹುದು. ಸೀಟು ಜಾರುವ ಹಳಿಗಳಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸಣ್ಣ ಮರಳು, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ. ಅದಕ್ಕಿಂತ ಕೆಟ್ಟದ್ದು ಕಾಣದೇ ಇರುವುದು: ವೈರಿಂಗ್ ಜೋಡಣೆಗಳಲ್ಲಿ ಹಸಿರು ಹಿಡಿದ ತಾಮ್ರ. ಇವತ್ತು ಪವರ್ ವಿಂಡೊ ಕೆಡುತ್ತದೆ, ಮುಂದಿನ ತಿಂಗಳು ಎಬಿಎಸ್ ದೀಪ ಹತ್ತುತ್ತದೆ, ಆಮೇಲೊಂದು ದಿನ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಯಾವ ಮೆಕ್ಯಾನಿಕ್ಕೂ ಒಂದೇ ಸಲಕ್ಕೆ ಸರಿಪಡಿಸಿಕೊಡಲಾರ. ಇಂಥ ಗಾಡಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಎನ್ನುವುದೇ ಸರಿ.

ದಿಲ್ಲಿಯಿಂದ ಇಲ್ಲಿನ ಮಾರುಕಟ್ಟೆಗೆ ಹರಿದುಬರುವ ಹಳೆ ಗಾಡಿಗಳಿಗೂ ಒಂದು ಹಿನ್ನೆಲೆಯಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದಿಲ್ಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ನಿಷೇಧಿಸಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಬಲವಂತದ ಕ್ರಮ ಬೇಡವೆಂದು ಅದೇ ನ್ಯಾಯಾಲಯ ಹೇಳುವವರೆಗೆ ಎಷ್ಟೋ ಮಾಲೀಕರು ಗಡುವಿಗೆ ಮೊದಲೇ ಗಾಡಿ ಕೈಬಿಟ್ಟರು. ನೋಡಲು ಚಂದ, ಬೆಲೆ ಕರ್ನಾಟಕಕ್ಕಿಂತ ಎಷ್ಟೋ ಕಡಿಮೆ. ಆದರೆ ಇಲ್ಲಿಗೆ ತಂದು ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಮರುನೋಂದಣಿ ಆಗಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಈ ತೆರಿಗೆ ನೂರಕ್ಕೆ 17, ಅದರ ಮೇಲೆ ಸೆಸ್. ಗಾಡಿಯ ವಯಸ್ಸಿಗೆ ತಕ್ಕ ಕಡಿತವಿದ್ದರೂ ಲೆಕ್ಕ ಶುರುವಾಗುವುದು ಅದು ಹೊಸದಿದ್ದಾಗಿನ ಬೆಲೆಯಿಂದ. ತೆರಿಗೆಯೂ ಎರಡನೆಯ ಬೆಲೆಯ ಪಾಳೆಯಕ್ಕೇ ಸೇರಿದ್ದು.

ಮೀಟರ್ ತಿರುಗಿಸುವುದು ಹಳೆಯ ಪಿಡುಗು, ಡಿಜಿಟಲ್ ಮೀಟರ್ ಬಂದು ಅದು ಇನ್ನೂ ಸುಲಭವಾಗಿದೆ. ಬ್ರೋಕರ್‌ನ ಬಾಯಲ್ಲಿ ಎಲ್ಲ ಗಾಡಿಯೂ ಸಿಂಗಲ್ ಓನರ್, ಎಲ್ಲವೂ ಡಾಕ್ಟರ್ ಓಡಿಸಿದ್ದು. ಅದನ್ನು ನಂಬುವ ಬದಲು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗಾಡಿ ಸಂಖ್ಯೆ ಕೊಟ್ಟು ದಾಖಲೆ ತೆಗೆಸಬಹುದು. ಮಾಲೀಕರೇ ಜೊತೆಗಿದ್ದರೆ ಬಹುತೇಕ ಕಡೆ ತೋರಿಸುತ್ತಾರೆ. ಯಾವ ತಾರೀಖಿಗೆ ಎಷ್ಟು ಕಿಲೋಮೀಟರ್ ಎಂಬ ಸಾಲು ನೇರವಾಗಿ ಏರುತ್ತಾ ಹೋಗಬೇಕು. ನಡುವೆ ಎರಡು ವರ್ಷ ಖಾಲಿಯಿದ್ದರೆ ಅದೇ ಮೊದಲ ಪ್ರಶ್ನೆ.

ದಾಖಲೆಯ ಬೆಲೆ ಎಷ್ಟೆಂದು ಅಮೆರಿಕದ ಒಂದು ನಿದರ್ಶನ ತೋರಿಸುತ್ತದೆ. ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡಿಗ ಸಂಸಾರಗಳೂ ಮೊದಲ ಕೆಲವು ವರ್ಷ ಹಳೆ ಎಸ್‌ಯುವಿಯನ್ನೇ ಕೊಳ್ಳುವುದು ಸಾಮಾನ್ಯವಾದ್ದರಿಂದ ಇದು ಅವರಿಗೂ ಉಪಯೋಗದ ವಿಷಯ. ಹ್ಯುಂಡೈ ಸಾಂಟಾ ಫೆ ಸ್ಪೋರ್ಟ್, ಕಿಯಾ ಸೊರೆಂಟೊ, ಸ್ಪೋರ್ಟೇಜ್‌ಗಳಲ್ಲಿದ್ದ ಥೀಟಾ 2 ಪೆಟ್ರೋಲ್ ಎಂಜಿನ್‌ಗಳಲ್ಲಿ ತಯಾರಿಕೆಯ ವೇಳೆ ಲೋಹದ ಚೂರುಗಳು ಉಳಿದು, ಆಯಿಲ್ ಹರಿಯುವ ದಾರಿ ಕಟ್ಟಿ, ಬೇರಿಂಗ್ ಹಾಳಾಗಿ ಎಂಜಿನ್ ಓಡುತ್ತಲೇ ಸ್ತಬ್ಧವಾದ ಪ್ರಕರಣಗಳಾದವು. 2017ರಲ್ಲಿ ಈ ಗಾಡಿಗಳನ್ನು ವಾಪಸ್ ಕರೆಸಲಾಯಿತು. ವಾಪಸಾತಿ ತಡ ಮಾಡಿದ್ದಕ್ಕಾಗಿ ಎರಡೂ ಕಂಪನಿಗಳು 2020ರ ನವೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದಿಗೆ ಒಟ್ಟು 21 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಬರಬೇಕಾಯಿತು. ಗ್ರಾಹಕರ ಮೊಕದ್ದಮೆಯ ಇತ್ಯರ್ಥದಲ್ಲಿ ಆ ಬೇರಿಂಗ್ ದೋಷಕ್ಕೆ ಜೀವಾವಧಿ ವಾರಂಟಿ ಸಿಕ್ಕಿತು. ಅದಕ್ಕೆ ಎಂಜಿನ್ ಬಡಿತ ಪತ್ತೆಹಚ್ಚುವ ಸಾಫ್ಟ್‌ವೇರ್ ಹಾಕಿಸಿಕೊಂಡಿರಬೇಕು ಎಂಬ ಷರತ್ತಿತ್ತು. ಒಂದೇ ವರ್ಷದ, ಒಂದೇ ಬಣ್ಣದ ಎರಡು ಗಾಡಿಗಳಲ್ಲಿ ಒಂದಕ್ಕೆ ಸಾವಿರಾರು ಡಾಲರಿನ ಎಂಜಿನ್ ಪುಕ್ಕಟೆ ಸಿಗಬಹುದು, ಇನ್ನೊಂದಕ್ಕೆ ಸಿಗದೇ ಹೋಗಬಹುದು. ವ್ಯತ್ಯಾಸ ಇರುವುದು ಕಾಗದದಲ್ಲಿ. ಹದಿನೇಳು ಅಕ್ಷರ ಅಂಕಿಗಳ ವಾಹನ ಗುರುತಿನ ಸಂಖ್ಯೆ ಹಾಕಿದರೆ ಬಾಕಿಯಿರುವ ರೀಕಾಲ್‌ಗಳನ್ನು ಆ ಸಂಸ್ಥೆ ಪುಕ್ಕಟೆಯಾಗಿ ತೋರಿಸುತ್ತದೆ. ಭಾರತದಲ್ಲೂ ವಾಹನ ತಯಾರಕರ ಒಕ್ಕೂಟ 2012ರಿಂದ ಸ್ವಯಂಪ್ರೇರಿತ ರೀಕಾಲ್ ವ್ಯವಸ್ಥೆ ನಡೆಸುತ್ತಿದೆ, 2021ರ ಏಪ್ರಿಲ್‌ನಿಂದ ಕಡ್ಡಾಯ ರೀಕಾಲ್ ನಿಯಮವೂ ಬಂದಿದೆ. ಶೋರೂಂಗೆ ಚಾಸಿ ನಂಬರ್ ಕೊಟ್ಟು ಕೇಳುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ.

ಕಂಪನಿಯೇ ದೇಶ ಬಿಟ್ಟು ಹೋದರೆ? ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಅದರ ಶೆವರ್ಲೆ ಕ್ಯಾಪ್ಟಿವಾ ಇಟ್ಟುಕೊಂಡವರು ಇವತ್ತು ಒಂದೊಂದು ಭಾಗಕ್ಕೂ ಗುಜರಿ ಅಂಗಡಿಗಳನ್ನು ಹುಡುಕುತ್ತಾರೆ. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ಸರ್ವಿಸ್ ಮುಂದುವರಿಸಿದೆ. ಫೋರ್ಡ್‌ನ ಎಂಡೆವರ್ ಗಟ್ಟಿ ಗಾಡಿ, ಅದರ ಅಭಿಮಾನಿಗಳ ಪ್ರೀತಿಯೂ ಗಟ್ಟಿ. ಆದರೂ ಹೆಡ್‌ಲೈಟೋ ಬಂಪರೋ ಒಡೆದಾಗ ವಾರಗಟ್ಟಲೆ ಕಾಯುವ ತಾಳ್ಮೆಯೂ ಮನೆಯಲ್ಲಿ ಇನ್ನೊಂದು ವಾಹನವೂ ಇರಬೇಕು.

ಬಿಡಿಭಾಗದ ಬೆಲೆ ಸ್ವಲ್ಪ ಹಗುರವಾದ ಒಂದು ಸಂಗತಿ ಇತ್ತೀಚೆಗೆ ನಡೆದಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳೆಲ್ಲವೂ ಒಂದೇ ಸಮನಾಗಿ ಶೇ 18 ಜಿಎಸ್‌ಟಿಗೆ ಬಂದವು. ಅದಕ್ಕೆ ಮೊದಲು ಅನೇಕ ಭಾಗಗಳಿಗೆ ಶೇ 28 ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಕಂಪನಿಯ ಡಬ್ಬಿಯ ಪಕ್ಕದಲ್ಲೇ ಅದೇ ಭಾಗ ತಯಾರಿಸುವ ಮೂಲ ಪೂರೈಕೆದಾರರ ಡಬ್ಬಿ ಕಡಿಮೆ ಬೆಲೆಗೆ ಸಿಗುತ್ತದೆ. ಕ್ಲಚ್‌ಗೆ ಲುಕ್ ಅಥವಾ ವ್ಯಾಲಿಯೊ, ಇಂಜೆಕ್ಷನ್‌ಗೆ ಬಾಷ್, ಬೆಲ್ಟಿಗೆ ಗೇಟ್ಸ್ ಎಂದು ಬಲ್ಲವರು ಹೆಸರು ಹಿಡಿದೇ ಕೇಳುತ್ತಾರೆ. ಇದು ಜಾಣ ಉಳಿತಾಯ. ಬ್ರೇಕ್ ಪ್ಯಾಡ್, ಬೇರಿಂಗ್, ಫಿಲ್ಟರ್‌ಗಳಲ್ಲಿ ಡೂಪ್ಲಿಕೇಟ್ ಹಾಕಿಸಿ ಉಳಿಸುವುದು ಮಾತ್ರ ಉಳಿತಾಯವಲ್ಲ; ಇಡೀ ಸಂಸಾರ ಕೂತು ಘಾಟಿ ಇಳಿಯುವ ಗಾಡಿ ಅದು.

ಒಂದು ಲೆಕ್ಕ ಹಾಕಿ ನೋಡಬಹುದು. ಹೊಸದಿದ್ದಾಗ ಹದಿನಾರು ಲಕ್ಷದ ಗಾಡಿ ಎಂಟು ವರ್ಷದ ಮೇಲೆ ಆರು ಲಕ್ಷಕ್ಕೆ ಬಂತು ಎನ್ನೋಣ. ಮೊದಲ ವರ್ಷದಲ್ಲಿ ಕ್ಲಚ್ ಮತ್ತು ಫ್ಲೈವೀಲ್ ಅರವತ್ತು ಸಾವಿರ, ಟೈರ್ ನಲವತ್ತೈದು, ಸಸ್ಪೆನ್ಷನ್ ಮೂವತ್ತು, ಟೈಮಿಂಗ್ ಬೆಲ್ಟ್ ಇಪ್ಪತ್ತು, ಎಸಿಯ ಕೂಲಿಂಗ್ ಕಾಯಿಲ್ ಇಪ್ಪತ್ತು ಸಾವಿರ. ಒಟ್ಟು 1.75 ಲಕ್ಷ. ಮೊದಲ ಮಾಲೀಕನಿಗೆ ಇದು ಗಾಡಿಯ ಬೆಲೆಯ ಒಂಬತ್ತನೇ ಒಂದು ಭಾಗ. ಎರಡನೆಯವನಿಗೆ ಮೂರನೇ ಒಂದು ಭಾಗದ ಹತ್ತಿರ. ಇನ್ನೂ ಎರಡು ಕೈ ದಾಟಿ ಮೂರು ಲಕ್ಷಕ್ಕೆ ಕೊಂಡವನಿಗೆ ಮೂಗಿಗಿಂತ ಮೂಗುತಿ ಭಾರ. ಎಲ್ಲವೂ ಒಂದೇ ವರ್ಷದಲ್ಲಿ ಬರಬೇಕೆಂದಿಲ್ಲ, ಆದರೆ ಹಿಂದಿನ ಮಾಲೀಕರು ಗಾಡಿ ಮಾರಲು ತೀರ್ಮಾನಿಸುವುದು ಎಷ್ಟೋ ಸಲ ಇಂಥ ದೊಡ್ಡ ಖರ್ಚುಗಳು ಎದುರಿಗೆ ಬಂದು ನಿಂತಾಗಲೇ. ಹಾಗಾಗಿ ಕೈಯಲ್ಲಿ ಆರು ಲಕ್ಷವಿದ್ದರೆ ಆರು ಲಕ್ಷದ ಗಾಡಿ ನೋಡಬಾರದು. ನಾಲ್ಕೂಮುಕ್ಕಾಲಕ್ಕೆ ಸಿಗುವುದನ್ನು ನೋಡಿ ಉಳಿದದ್ದನ್ನು ಗ್ಯಾರೇಜಿಗೆಂದು ಎತ್ತಿಡಬೇಕು. ಸಾಲ ಮಾಡಿ ಕೊಳ್ಳುವವರಂತೂ ಇದನ್ನು ಮರೆಯಲೇಬಾರದು; ಕಂತಿನ ಮೇಲೆ ರಿಪೇರಿ ಬಿಲ್ ಬಿದ್ದಾಗ ಮಕ್ಕಳ ಫೀಸಿನ ದುಡ್ಡಿಗೆ ಕೈಹಾಕುವ ಪರಿಸ್ಥಿತಿ ಬರುತ್ತದೆ.

ನೋಡಲು ಹೋಗುವಾಗ ಬೆಳಿಗ್ಗೆ ಹೋಗಬೇಕು, ಎಂಜಿನ್ ತಣ್ಣಗಿರುವಾಗ. ಸ್ಟಾರ್ಟ್ ಮಾಡಿಟ್ಟು ಬಿಸಿ ಮಾಡಿರಬೇಡಿ ಎಂದು ಮೊದಲೇ ಹೇಳಿದರೂ ಬಾನೆಟ್ ಮುಟ್ಟಿ ನೋಡುವುದು ತಪ್ಪಲ್ಲ. ಮೊದಲ ಸ್ಟಾರ್ಟಿನ ಸದ್ದು, ಹೊಗೆಯ ಬಣ್ಣ, ಆಯಿಲ್ ಮುಚ್ಚಳ ತೆಗೆದಾಗ ಹೊರಡುವ ಗಾಳಿಯ ರಭಸ, ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆಯ ಪದರ, ಇವು ಹತ್ತು ನಿಮಿಷದಲ್ಲಿ ಹೇಳುವುದನ್ನು ಮಾರುವವರು ಅರ್ಧ ದಿನ ಮಾತಾಡಿದರೂ ಹೇಳುವುದಿಲ್ಲ. ಆಮೇಲೆ ಅರ್ಧ ಗಂಟೆ ಓಡಿಸಬೇಕು: ಸ್ವಲ್ಪ ಜಾಮ್, ಸ್ವಲ್ಪ ಏರು, ಸ್ವಲ್ಪ ಹೆದ್ದಾರಿ. ಸ್ಕ್ಯಾನರ್ ಹಾಕಿಸಬೇಕು. ಎರಡು, ಮೂರು ಸಾವಿರ ಕೊಟ್ಟು ಲಿಫ್ಟಿನ ಮೇಲೇರಿಸಿ ತಳ ನೋಡಿಸಬೇಕು. ಇದಕ್ಕೆ ಒಪ್ಪದ ಮಾರಾಟಗಾರನ ಗಾಡಿ ಬೇಕಾಗಿಲ್ಲ.

ಇನ್ನೊಂದು ಮಾತು ಬೆಂಗಳೂರಿನಿಂದ ಹೊರಗಿರುವವರಿಗೆ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇರುವ ಮನೆಗೆ ಗಾಡಿ ಎಷ್ಟು ಒಳ್ಳೆಯದು ಎಂಬಷ್ಟೇ ಮುಖ್ಯ, ಅದು ಕೆಟ್ಟರೆ ಯಾರು ಬಿಚ್ಚುತ್ತಾರೆ ಎಂಬುದು. ಬೊಲೆರೊ ಇವತ್ತಿಗೂ ಹಳ್ಳಿ ಪೇಟೆಗಳಲ್ಲಿ ಬೆಲೆ ಉಳಿಸಿಕೊಂಡಿರುವುದು ಅದರ ಸುಖಕ್ಕಲ್ಲ, ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲಾದರೂ ಅದನ್ನು ರಿಪೇರಿ ಮಾಡುವ ಕೈಗಳಿವೆ, ಸಾಮಾನು ಸಿಗುತ್ತದೆ ಎಂಬುದಕ್ಕೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಗಾಡಿ ನಿಂತರೆ ಅದನ್ನು ಫ್ಲಾಟ್‌ಬೆಡ್ ಲಾರಿ ಮೇಲೆ ಹುಬ್ಬಳ್ಳಿಗೋ ಬಳ್ಳಾರಿಗೋ ಸಾಗಿಸುವ ಖರ್ಚೇ ಹತ್ತು ಸಾವಿರ ಮುಟ್ಟಬಹುದು. ಅಡ್ವಾನ್ಸ್ ಕೊಡುವ ಮೊದಲು ಊರಿನ ಮೆಕ್ಯಾನಿಕ್ ಅಣ್ಣನ ಬಳಿ ಹೋಗಿ, ಈ ಮಾದರಿ, ಈ ವರ್ಷ, ಈ ಎಂಜಿನ್ ಎಂದು ಹೆಸರಿಟ್ಟು ಕೇಳಬೇಕು. ಕೈಯಾಡಿಸಿದ್ದರೆ ಅದರಲ್ಲಿ ಮೊದಲು ಏನು ಕೆಡುತ್ತದೆ, ಸಾಮಾನು ಎಲ್ಲಿಂದ ತರಿಸಬೇಕು, ಎಷ್ಟು ದಿನ ಹಿಡಿಯುತ್ತದೆ ಎಂದು ಅವರು ಹೇಳುತ್ತಾರೆ. ಕೈಯಾಡಿಸಿಲ್ಲ ಎಂದರೆ ಆ ಊರಿನಲ್ಲಿ ಈಗಾಗಲೇ ನಾಲ್ಕಾರು ಓಡುತ್ತಿರುವ ಬೇರೆ ಮಾದರಿಯನ್ನು ಹುಡುಕುವುದು ಒಳ್ಳೆಯದು, ಅದಕ್ಕೆ ಸನ್‌ರೂಫ್ ಇಲ್ಲದಿದ್ದರೂ.